ಮಾಂಡೋವಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದ ಕರಿದ್ರಾಕ್ಷಿ

ಠಾಣೆಯಲ್ಲಿ ಗಾಡಿ ನಿಲ್ಲುವುದು ಮೂರೇ ನಿಮಿಷ.
ಎಸ್-ಐದರ ಬಾಗಿಲಿಗೆ ಬಂದ ಅಗ್ನೇಲೊನ ಭಾವಮೈದ
ಥರ್ಮೋಕೋಲ್ ಡಬ್ಬಿಯನ್ನು
ಹಸುಗೂಸಿನ ಹಾಗೆ ಕೈಗಿತ್ತು
"ಅಲುಗಿಸಬೇಡಿ" ಅಂದ, ಅಷ್ಟೇ.

ಒಳಗೆ ಹದಿನಾಲ್ಕು ಮೊಟ್ಟೆ,
ಮಸಿಯಲ್ಲಿ ಅದ್ದಿ ತೆಗೆದ ದ್ರಾಕ್ಷಿ,
ತೊಟ್ಟಿಗೆ ತೊಟ್ಟು ಹೆಣೆದುಕೊಂಡು.
ಶಿವೋಲಿಯ ಅವನ ಹಿಂಬದಿ ಕೋಣೆಯಲ್ಲಿ
ನಾಲ್ಕು ತಲೆಮಾರಿನಿಂದ
ಕಡಲನ್ನೇ ಕಾಣದ ವಂಶ.

ಕುರ್ಲಾದ ಭಾನುವಾರದ ಸಂತೆಯಲ್ಲಿ
ಅರ್ಧ ಬೆಲೆಗೆ ಸಿಗುತ್ತಿತ್ತು, ನಿಜ.
ಬಲೆಯಿಂದ ನೇರ ಚೀಲಕ್ಕೆ ಬಿದ್ದವು.
ಒಮ್ಮೆ ಎರಡು ತಂದಿದ್ದೆ.
ಒಂದು ದಾರಿಯಲ್ಲೇ ಹೆದರಿ ಮಸಿ ಕಕ್ಕಿ
ತನ್ನದೇ ಕತ್ತಲಲ್ಲಿ ಉಸಿರು ಕಟ್ಟಿತು.
ಡೋಂಬಿವಲಿಯಲ್ಲಿ ಚೀಲ ಬಿಚ್ಚಿದರೆ
ಬರೀ ಶಾಯಿ.
ಇನ್ನೊಂದು ಗಾಜಿಗೆ ಬೆನ್ನು ಬಡಿದು ಬಡಿದು
ಒಂಬತ್ತನೇ ದಿನ.
ಈಗ ಸಂತೆಯವನು ಕೂಗಿದರೂ
ನಾನು ಕಿವುಡ.

ನಾನು ಏಸಿ ರಿಪೇರಿಯವನು.
ಊರವರ ಸೆಕೆ ಇಳಿಸಿ ಬಂದು
ರಾತ್ರಿ ಈ ಮೂರಡಿ ಕಡಲಿನ ಜ್ವರ ನೋಡುತ್ತೇನೆ.
ಇಪ್ಪತ್ತೈದು ದಾಟಬಾರದು.
ಹಳೆ ವಾಟರ್ ಕೂಲರು ಬಿಚ್ಚಿ ನಾನೇ ಕಟ್ಟಿದ ಯಂತ್ರ
ಮೊದಲು ಕೆಮ್ಮುತ್ತದೆ, ಆಮೇಲೆ ಕೆಲಸ.
ನೀರಿಗೆ ತಾಮ್ರ ತಾಗಿದರೆ ಇವು ಸಾಯುತ್ತವೆ.
ಹಾಗಾಗಿ ಸುರುಳಿ ಮಾತ್ರ ಟೈಟಾನಿಯಂ,
ಎರಡು ತಿಂಗಳ ಪಗಾರ.
ದಿನವಿಡೀ ತಾಮ್ರದ ಕೊಳವೆ ಬೆಸೆಯುವ ಕೈ ಇದು!
ಮೊಣಕೈವರೆಗೆ ತೊಳೆದು, ಮೂಸಿ, ಮತ್ತೆ ತೊಳೆದು
ಆಮೇಲಷ್ಟೇ ತೊಟ್ಟಿಯ ಮುಚ್ಚಳ ತೆಗೆಯುವುದು.

"ಬೊಂಡಾಸಕ್ಕೆ ತೊಟ್ಟಿಲು ಕಟ್ಟಿದ
ಮೊದಲ ಮೊಗವೀರ ನೀನು," ಅಮ್ಮ ನಗುತ್ತಾಳೆ.

ಇಪ್ಪತ್ತನೇ ದಿನಕ್ಕೆ ದ್ರಾಕ್ಷಿಯ ಸಿಪ್ಪೆ ತಿಳಿಯಾಯಿತು.
ಒಳಗಿಂದ ಒಂದು ಕಣ್ಣು
ನನ್ನನ್ನು ನೋಡಿ ಬಣ್ಣ ಬದಲಿಸಿತು.
ಇನ್ನೂ ಹುಟ್ಟಿಲ್ಲ, ಆಗಲೇ ಅಡಗುವ ವಿದ್ಯೆ.

ಹೊರಬಂದವು ತೊಗರಿಬೇಳೆಯಷ್ಟು.
ಸತ್ತದ್ದನ್ನು ಮುಟ್ಟುವುದಿಲ್ಲ, ಒಂಥರಾ ಮಡಿ.
ಐರೋಲಿಯ ಖಾಡಿಯಿಂದ ಪದ್ಮಾಕರ ವೈತಿ
ನಸುಕಿಗೇ ತರಬೇಕು ಜೀವಂತ ಜವಳಾ,
ದಿನಕ್ಕೆ ಮೂರು ಹೊತ್ತು ಬಡಿಸಬೇಕು.
ಮುಖದಿಂದ ಎರಡು ಕೈ ಚಾಟಿಯಂತೆ ಚಿಮ್ಮಿ,
ಸೀಗಡಿ ಇತ್ತು, ಇಲ್ಲ.
ಹದಿನಾಲ್ಕರಲ್ಲಿ ಮೂರು ಒಡೆಯಲೇ ಇಲ್ಲ.
ಎರಡಕ್ಕೆ ಬೇಟೆ ಒಲಿಯಲಿಲ್ಲ.
ಉಳಿದ ಲೆಕ್ಕ ಗೋಡೆಯ ಕ್ಯಾಲೆಂಡರಿನಲ್ಲಿದೆ,
ಗ್ಯಾಸ್ ಸಿಲಿಂಡರಿನ ತಾರೀಖಿನ ಪಕ್ಕ.

ಮೇ ತಿಂಗಳ ಒಂದು ರಾತ್ರಿ ಕರೆಂಟು ಹೋಯಿತು.
ಇಪ್ಪತ್ತೇಳು. ಇಪ್ಪತ್ತೆಂಟು.
ಮರಿಗಳು ಸುಣ್ಣದಷ್ಟು ಬೆಳ್ಳಗಾದವು.
ಮೂರನೇ ಮಹಡಿಯ ಘೈಸಾಸ್ ಬಾಯಿ,
ನಮ್ಮ ಬಾಗಿಲು ದಾಟುವಾಗ ಸೆರಗಿಂದ ಮೂಗು ಮುಚ್ಚುವವರು,
ತಮ್ಮ ಫ್ರಿಜ್ಜಿನ ಐಸಿನ ಬಾಟಲಿಗಳನ್ನು
ಒಂದೊಂದಾಗಿ ಇಳಿಸಿ ತಂದರು.
"ಹುಲಿಪಟ್ಟೆಯದು ಯಾವುದು, ತೋರಿಸು," ಅಂದರು
ಮೊಬೈಲಿನ ಬೆಳಕು ಹಿಡಿದು.
ಮೂಗು ಮುಚ್ಚಲು ಕೈ ಖಾಲಿ ಇರಲಿಲ್ಲ.

ಭಾನುವಾರ ಮನೆಯಲ್ಲಿ ಬೊಂಡಾಸ ಸುಕ್ಕ.
ತಿಂದೆ.
ತೊಟ್ಟಿಗೆ ಬೆನ್ನು ಹಾಕಿ ಕುಳಿತು.

ಇವಕ್ಕೆ ಆಯಸ್ಸೇ ಒಂದು ವರ್ಷ.
ಹುಲಿಪಟ್ಟೆಯದು ಹಬ್ಬದ ಹೊತ್ತಿಗೆ
ಒಂದೊಂದೇ ಮೊಟ್ಟೆಗೆ ಮಸಿ ಬಳಿದು ತೂಗುಹಾಕಿ
ಆಮೇಲೆ ಸೀಗಡಿ ಮುಂದೆ ಸುಳಿದರೂ ನೋಡಲಿಲ್ಲ.
ಬಣ್ಣಗಳು ಒಂದೊಂದಾಗಿ ಕೆಲಸ ಬಿಟ್ಟವು.

ಉಳಿದದ್ದು ಒಂದು ಬಿಳಿ ಓಡು,
ಹೆಬ್ಬೆರಳ ಉಗುರಿನಷ್ಟು.
ಮಲ್ಪೆಯ ದಂಡೆಯಲ್ಲಿ ಇಂಥದ್ದನ್ನೇ, ಅಂಗೈಯಗಲದ್ದನ್ನು,
ದೋಣಿ ಮಾಡಿ ಬಿಡುತ್ತಿದ್ದೆವು.
ಅಮ್ಮ ಬೆಳಕಿಗೆ ಹಿಡಿದು ನೋಡಿದಳು.
"ಕಡಲ ನೊರೆ. ಯಾರದಾದರೂ ಕಿವಿ ಸೋರಿದರೆ ಬೇಕು,"
ಲವಂಗದ ಡಬ್ಬಿಯಲ್ಲಿಟ್ಟಳು.

ತೊಟ್ಟಿಯ ಮೂಲೆಯಲ್ಲಿ ಇಪ್ಪತ್ತೊಂದು ಕರಿದ್ರಾಕ್ಷಿ.
ನಾಲಾಸೋಪಾರದ ಹುಡುಗನ ಫೋನು:
"ಕಾಕಾ, ಆರು ಕೊಡ್ತೀರಾ? ತೊಟ್ಟಿ ರೆಡಿ, ನೀರು ರೆಡಿ."
ಉಪ್ಪಿನ ಹದ ಕೇಳಲಿಲ್ಲ ನಾನು.
ದುಡ್ಡಿನ ಮಾತೂ ಎತ್ತಲಿಲ್ಲ.
"ನಡುರಾತ್ರಿ ಕರೆಂಟು ಹೋದರೆ
ಐಸು ಕೊಡುವವರು ನಿಮ್ಮ ಬಿಲ್ಡಿಂಗಿನಲ್ಲಿ
ಯಾರಿದ್ದಾರೆ?"